ಪೆಡಲ್ ಮಾರುವ ಮೊದಲು ಆಂಪ್ ಯಾವುದು ಅಂತ ಕೇಳಿ

ಎಲೆಕ್ಟ್ರಿಕ್ ಗಿಟಾರಿನಲ್ಲಿ ಮೆಟಲ್ ಸಂಗೀತ ನುಡಿಸೋಕೆ ಡಿಸ್ಟಾರ್ಶನ್ ಪೆಡಲ್ (ಗಿಟಾರಿನ ಸೌಂಡನ್ನು ಒರಟಾಗಿಸುವ, ಕಾಲಲ್ಲಿ ಒತ್ತುವ ಡಬ್ಬ) ಬೇಕು ಅಂತ ಅಂಗಡಿಗೆ ಹೋಗಿ ನೋಡಿ. ಮೊದಲ ಪ್ರಶ್ನೆ, "ಬಜೆಟ್ ಎಷ್ಟು ಸರ್?" ಆಮೇಲೆ, "ಯಾವ ಬ್ಯಾಂಡ್ ಇಷ್ಟ?" ಅಷ್ಟೇ, ಬಿಲ್ಲು ರೆಡಿ. ಮನೆಯಲ್ಲಿ ಯಾವ ಆಂಪ್ (ಆಂಪ್ಲಿಫೈಯರ್) ಇದೆ, ಗಿಟಾರಿನಲ್ಲಿ ಯಾವ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಇದೆ, ಒಬ್ಬರೇ ನುಡಿಸ್ತೀರಾ ಬ್ಯಾಂಡ್ ಜೊತೆಗಾ ಅಂತ ಒಬ್ಬರೂ ಕೇಳುವುದಿಲ್ಲ. ಪೆಡಲ್ ಹೇಗೆ ಕೇಳಿಸುತ್ತದೆ ಅನ್ನುವುದನ್ನು ಮುಕ್ಕಾಲು ಪಾಲು ತೀರ್ಮಾನಿಸುವುದೇ ಆ ಉತ್ತರಗಳು. ನನಗೆ ಮೈ ಉರಿಯುವುದು ಇದಕ್ಕೇ.

ನಮ್ಮ ಬೀದಿಯ ಹುಡುಗನೊಬ್ಬ ಈಗಷ್ಟೇ ಪಿಯುಸಿ ಮುಗಿಸಿದ್ದಾನೆ. ಥ್ರ್ಯಾಶ್ ಅನ್ನೋ ವೇಗದ ಮೆಟಲ್ ಅಂದ್ರೆ ಪ್ರಾಣ. ಟ್ಯೂಷನ್ ಹೇಳಿಕೊಟ್ಟು ಕೂಡಿಟ್ಟ ದುಡ್ಡು ಹಿಡಿದುಕೊಂಡು ಬೆಂಗಳೂರಿನ ಒಂದು ದೊಡ್ಡ ಅಂಗಡಿಗೆ ಹೋದ. ಅಲ್ಲಿ ಹಂಬಕರ್ (ಗುಯ್ ಸದ್ದು ತಡೆಯುವ ಎರಡು ಕಾಯಿಲಿನ ಪಿಕಪ್) ಇರುವ ದುಬಾರಿ ಗಿಟಾರ್ ಕೈಗೆ ಕೊಟ್ಟು, ನಾಲ್ಕು ಹನ್ನೆರಡು ಇಂಚಿನ ಸ್ಪೀಕರ್‌ಗಳ ಕ್ಯಾಬಿನೆಟ್ ಮೇಲೆ ಕೂತ ವಾಲ್ವ್ ಆಂಪ್‌ಗೆ ಪೆಡಲ್ ಹಾಕಿ ಕೇಳಿಸಿದರು. ಅಂಗೈ ತಂತಿಗೆ ತಾಗಿಸಿ ಪಾಮ್ ಮ್ಯೂಟ್ ಮಾಡಿದರೆ ಎದೆಗೆ ಗುದ್ದಿದ ಹಾಗೆ. "ಪಕ್ಕಾ ಮೆಟಲ್ ಸರ್ ಇದು" ಅಂದರು. ಹುಡುಗ ತಗೊಂಡ.

ಅವನ ಮನೆಯಲ್ಲಿ ಇರುವುದು ಸಿಂಗಲ್ ಕಾಯಿಲ್ ಪಿಕಪ್ಪಿನ ಗಿಟಾರ್, ಪುಟ್ಟ ಸ್ಪೀಕರಿನ ಹತ್ತು ವ್ಯಾಟಿನ ಪ್ರಾಕ್ಟೀಸ್ ಆಂಪ್. ಪೆಡಲಿನ ಗೇನ್ (ಸೌಂಡ್ ಎಷ್ಟು ಒರಟಾಗಬೇಕು ಅನ್ನುವ ನಾಬ್) ಏರಿಸಿದ ಕೂಡಲೇ ಬರೀ ಗುಯ್ ಅನ್ನುವ ಹಮ್ಮು, ಅದರ ಮೇಲೆ ಕಿರ್ರೋ ಅನ್ನುವ ಟ್ರೆಬಲ್. ಆ ಸ್ಪೀಕರಿಗೆ ಅಂಗಡಿಯ ಲೋ ಎಂಡ್, ಆ ದಪ್ಪನೆಯ ತಗ್ಗು ಸೌಂಡ್, ಎಲ್ಲಿಂದ ಬರಬೇಕು ಹೇಳಿ? ವಾಪಸ್ ಕೊಡೋಕೆ ಹೋದರೆ, "ಬಾಕ್ಸ್ ಓಪನ್ ಆಗಿದೆ, ತಗೊಳಲ್ಲ". ಅಷ್ಟಕ್ಕೇ ಬಿಡಲಿಲ್ಲ. ಹಮ್ಮಿಗೆ ನಾಯ್ಸ್ ಗೇಟ್ ತಗೊಳ್ಳಿ ಅಂತ ಇನ್ನೊಂದು ಡಬ್ಬ ಮುಂದಿಟ್ಟರಂತೆ! ಸಿಂಗಲ್ ಕಾಯಿಲಿನ ಹಮ್ಮನ್ನು ಗೇಟ್ ತೆಗೆಯುವುದಿಲ್ಲ, ನುಡಿಸದೆ ಇರುವಾಗ ಮುಚ್ಚುತ್ತದೆ ಅಷ್ಟೇ. ಅದನ್ನೂ ಹೇಳಲಿಲ್ಲ.

ಡೆಮೊ ವಿಡಿಯೋಗಳದ್ದೂ ಇದೇ ಕಥೆ. ಒಳ್ಳೆ ಕ್ಯಾಬಿನೆಟ್ ಮುಂದೆ ಮೈಕ್ ಇಟ್ಟು, ಒಂದೇ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಎರಡು ಸಲ ನುಡಿಸಿ ಎಡಕ್ಕೊಂದು ಬಲಕ್ಕೊಂದು ಹಾಕಿ, ಕೆಳಗೆ ಬಾಸ್ ಗಿಟಾರ್ ಸೇರಿಸಿ, ಆಮೇಲೆ "ನೋಡಿ ಈ ಪೆಡಲಿನ ಸೌಂಡ್" ಅಂತಾರೆ. ಅದು ಬರೀ ಪೆಡಲಿನ ಸೌಂಡ್ ಅಲ್ಲವೇ ಅಲ್ಲ.

ಇನ್ನು ಬಿಟ್ಟಿ ಸಲಹೆ ಕೊಡುವವರು. ಬಾಸ್ (Boss) ಕಂಪನಿಯ ಮೆಟಲ್ ಝೋನ್ ಪೆಡಲ್ 1991ರಿಂದ ಇದೆ. ಅದನ್ನು ಮುಟ್ಟಿಯೂ ನೋಡದವರು "ಕಸ ಮಗಾ" ಅಂತಾರೆ. ಅದರಲ್ಲಿ ಮಿಡ್, ಅಂದ್ರೆ ಮಧ್ಯದ ಫ್ರೀಕ್ವೆನ್ಸಿ, ಎಷ್ಟು ಬೇಕು ಅನ್ನುವುದಕ್ಕೆ ಒಂದು ನಾಬ್, ಯಾವ ಫ್ರೀಕ್ವೆನ್ಸಿಯಲ್ಲಿ ಬೇಕು ಅನ್ನುವುದಕ್ಕೆ ಇನ್ನೊಂದು. ಮಿಡ್ ಪೂರ್ತಿ ಸೊನ್ನೆಗೆ ಇಳಿಸಿ ರೂಮಿನಲ್ಲಿ ಒಬ್ಬರೇ ನುಡಿಸಿದರೆ ಭಾರಿ ಅನಿಸುತ್ತದೆ. ಬ್ಯಾಂಡ್ ಕೂಡಿ ನುಡಿಸುವ ಜ್ಯಾಮ್ ರೂಮಿಗೆ ಹೋಗಿ, ಕೆಳಗಿನದನ್ನು ಬಾಸ್ ಗಿಟಾರ್ ಮತ್ತು ಕಿಕ್ ಡ್ರಮ್ ನುಂಗುತ್ತವೆ, ಮೇಲಿನದನ್ನು ಸಿಂಬಲ್ ನುಂಗುತ್ತದೆ, ಗಿಟಾರ್ ಕಾಣೆ. ತಪ್ಪು ನಾಬಿನದ್ದಲ್ಲ.

ಅದೇ ಕಂಪನಿಯ ಎಚ್ಎಂ-2 ಪೆಡಲಿನ ಕಥೆ ಬೇರೆ. 1983ರಲ್ಲಿ ಬಂತು, 1991ಕ್ಕೆ ನಿಂತುಹೋಯಿತು. ಆ ಹೊತ್ತಿಗೆ ಸ್ಟಾಕ್‌ಹೋಮಿನ ಎಂಟೂಂಬ್ಡ್ ಥರದ ಬ್ಯಾಂಡ್‌ಗಳು ಅದರ ನಾಬ್‌ಗಳನ್ನೆಲ್ಲ ತುದಿಗೆ ತಿರುಗಿಸಿ, ಗರಗಸದಂಥ ಸೌಂಡ್ ತೆಗೆದು, ಸ್ವೀಡನ್ನಿನ ಡೆತ್ ಮೆಟಲ್‌ಗೇ ಒಂದು ಗುರುತು ಕೊಟ್ಟುಬಿಟ್ಟಿದ್ದವು. 2021ರಲ್ಲಿ ಕಂಪನಿ ಅದನ್ನು ಮತ್ತೆ ತಂದಿತು. ನನಗೆ ಬಹಳ ಇಷ್ಟದ ಸೌಂಡ್. ಆದರೆ ಐರನ್ ಮೇಡನ್ ಬ್ಯಾಂಡಿನ ಗ್ಯಾಲಪ್, ಆ ಕುದುರೆ ಓಟದ ರಿದಮ್, ಕಲೀತಿರುವವನಿಗೆ "ಮೆಟಲ್ ಅಂದ್ರೆ ಇದೇ" ಅಂತ ಅದನ್ನು ಹಚ್ಚಿದರೆ ಹೇಗೆ?

ಥ್ರ್ಯಾಶ್‌ನ ಆ ಬಿಗಿಯಾದ ರಿದಮ್ ಬೇಕು ಅಂದವರಿಗೆ ಟ್ಯೂಬ್ ಸ್ಕ್ರೀಮರ್ ಅನ್ನೋ ಓವರ್‌ಡ್ರೈವ್ ಪೆಡಲ್ ತಗೋ ಅಂತಾರೆ. ಮಾತು ಸರಿಯೇ. ಡ್ರೈವ್ ಸೊನ್ನೆಯ ಹತ್ತಿರ, ಲೆವೆಲ್ ಜಾಸ್ತಿ ಇಟ್ಟರೆ ತಗ್ಗಿನ ಬಾಸ್ ಸೌಂಡ್ ಕಡಿಮೆಯಾಗಿ ಪಿಕಿಂಗ್ ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತದೆ. ಆದರೆ ಅದರ ಹಿಂದೆ, ತಾನೇ ಜೋರಾಗಿ ಡಿಸ್ಟಾರ್ಟ್ ಆಗುವ ಹೈ ಗೇನ್ ಆಂಪ್ ಇರಬೇಕು. ಕ್ಲೀನ್ ಆಂಪ್‌ಗೆ ಹಾಕಿದರೆ ಬ್ಲೂಸ್ ನುಡಿಸಬಹುದು, ಥ್ರ್ಯಾಶ್ ಬರುವುದಿಲ್ಲ. ಈ ಅರ್ಧ ವಾಕ್ಯ ಸೇರಿಸಿ ಹೇಳೋಕೆ ಏನು ಕಷ್ಟ?

ಕೊನೆಗೆ ಆ ಹುಡುಗನ ಆಂಪನ್ನು ಕ್ಲೀನ್ ಚಾನೆಲ್‌ಗೆ ಹಾಕಿ, ಪೆಡಲಿನ ಗೇನ್ ಅರ್ಧಕ್ಕಿಂತ ಕೆಳಗಿಳಿಸಿ, ಟ್ರೆಬಲ್ ಕಡಿಮೆ ಮಾಡಿ, ಮಿಡ್ ಏರಿಸಿಕೊಟ್ಟೆ. ಈಗ ಪರವಾಗಿಲ್ಲ, ರಿಫ್ ತಿಳಿಯುತ್ತದೆ. ಅಂಗಡಿಯಲ್ಲಿ ಕೇಳಿದ ಸೌಂಡ್ ಮಾತ್ರ ಆ ಆಂಪಿನಲ್ಲಿ ಬರುವುದಿಲ್ಲ. ಡೆಮೊ ರೂಮಿನಲ್ಲಿ ಅಷ್ಟು ದೊಡ್ಡ ಕ್ಯಾಬಿನೆಟ್‌ಗೆ ಜಾಗ ಇದೆ. ಪಕ್ಕದಲ್ಲಿ ಒಂದು ಹತ್ತು ವ್ಯಾಟಿನ ಆಂಪ್ ಇಟ್ಟು, "ನಿಮ್ಮ ಗಿಟಾರ್ ತನ್ನಿ, ಇದರಲ್ಲೂ ಕೇಳಿ ನೋಡಿ" ಅನ್ನೋಕೆ ಇವರಿಗೆ ಏನು ರೋಗ?