ಕೋಲಾರದ ಗಣಿಯ ಜೊತೆ ಮುಚ್ಚಿಹೋದ ಚರ್ಚೆ

ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದ 2012ರಲ್ಲಿ, ಅಣು ತ್ಯಾಜ್ಯವನ್ನು ಹೂಳುವ ಜಾಗವಾಗಿ ಕೋಲಾರದ ಚಿನ್ನದ ಗಣಿಯ ಹೆಸರು ಕೇಳಿಬಂತು. ಜನ ಬೀದಿಗಿಳಿದರು, ಅಂಥ ಯೋಜನೆಯೇ ಇಲ್ಲವೆಂಬ ಸ್ಪಷ್ಟನೆ ಬಂತು. 1980ರ ದಶಕದಲ್ಲಿ ಇದೇ ಗಣಿಯ ಸುಮಾರು ಸಾವಿರ ಮೀಟರ್ ಆಳದಲ್ಲಿ ಹೀಟರ್‌ಗಳಿಂದ ಬಂಡೆಯನ್ನು ಕಾಯಿಸಿ, ಅಣು ತ್ಯಾಜ್ಯದಿಂದ ಹೊಮ್ಮುವಂಥ ಶಾಖಕ್ಕೆ ಅದು ಹೇಗೆ ವರ್ತಿಸುತ್ತದೆಂದು ವಿಜ್ಞಾನಿಗಳು ಪರೀಕ್ಷಿಸಿದ್ದರು. ಆದರೆ ಶತಮಾನಕ್ಕೂ ಹೆಚ್ಚು ಕಾಲ ಕೊರೆದು, 2001ರಲ್ಲಿ ಮುಚ್ಚಿದ ಮೇಲೆ ನೀರು ತುಂಬಿಕೊಂಡ ಗಣಿ ಇಂಥ ಕೆಲಸಕ್ಕೆ ತಕ್ಕುದಲ್ಲ. ಆದ್ದರಿಂದ ವಿರೋಧ ನ್ಯಾಯವಾಗಿತ್ತು. ವಿರೋಧದ ಜೊತೆಗೆ ಚರ್ಚೆಯೂ ಮುಗಿದುಹೋದದ್ದು ಮಾತ್ರ ನನ್ನನ್ನು ಇಂದಿಗೂ ಕಾಡುತ್ತದೆ.

ಏಕೆಂದರೆ ತ್ಯಾಜ್ಯವನ್ನು ಏನು ಮಾಡುವುದೆಂಬ ಪ್ರಶ್ನೆ ಉತ್ತರ ಕನ್ನಡದ ಕೈಗಾ ಅಣುಸ್ಥಾವರದಲ್ಲಿ ಹಾಗೆಯೇ ಉಳಿದಿದೆ. ಅಲ್ಲಿನ 220 ಮೆಗಾವಾಟ್‌ನ ನಾಲ್ಕು ಘಟಕಗಳಿಂದ ಹೊರಬರುವ ಇಂಧನದ ಕಟ್ಟುಗಳನ್ನು ಮೊದಲು ವರ್ಷಗಟ್ಟಲೆ ನೀರಿನ ಕೊಳದಲ್ಲಿಟ್ಟು ತಣಿಸಬೇಕು. ಅವುಗಳಲ್ಲಿ ಸುಮಾರು ಶೇ 99ರಷ್ಟು ಇನ್ನೂ ಯುರೇನಿಯಂ ಆಗಿಯೇ ಇರುತ್ತದೆ. ಪ್ಲುಟೋನಿಯಂ ಶೇ ಅರ್ಧಕ್ಕಿಂತ ಕಡಿಮೆ. ಆ ಅಲ್ಪ ಪ್ಲುಟೋನಿಯಂ ಮೇಲೆಯೇ ಹೋಮಿ ಭಾಭಾ ರೂಪಿಸಿದ ಮೂರು ಹಂತಗಳ ಯೋಜನೆಯ ಎರಡನೆಯ ಹಂತ ನಿಂತಿದೆ. ಪ್ಲುಟೋನಿಯಂ ಬಳಸುತ್ತಲೇ ಹೊಸ ಇಂಧನವನ್ನೂ ತಯಾರಿಸುವ, ಕಲ್ಪಾಕ್ಕಂನ 500 ಮೆಗಾವಾಟ್ ಫಾಸ್ಟ್ ಬ್ರೀಡರ್ ರಿಯಾಕ್ಟರ್ ಇರುವುದು ಅದಕ್ಕಾಗಿಯೇ. ಯುರೇನಿಯಂ ಕೊರತೆಯಿರುವ ದೇಶ ಬಳಸಿದ ಇಂಧನವನ್ನು ಕಸವೆಂದು ಹೂಳದೆ ಮರುಸಂಸ್ಕರಿಸುವುದನ್ನು, ಅಂದರೆ ಅದರಿಂದ ಯುರೇನಿಯಂ, ಪ್ಲುಟೋನಿಯಂಗಳನ್ನು ಬೇರ್ಪಡಿಸಿ ಮತ್ತೆ ಬಳಸುವುದನ್ನು, ನಾನು ಪೂರ್ಣವಾಗಿ ಬೆಂಬಲಿಸುತ್ತೇನೆ. ಅದರಿಂದ ಬೇರ್ಪಡಿಸಿದ ಸೀಸಿಯಂ ಇಂದು ರಕ್ತವನ್ನು ವಿಕಿರಣದಿಂದ ಸಂಸ್ಕರಿಸುವ ಉಪಕರಣಗಳಿಗೂ ಒದಗುತ್ತಿದೆ.

ಆದರೆ ಮರುಸಂಸ್ಕರಣೆಯೇ ಪರಿಹಾರವೆಂದು ಹೇಳುವವರು ಅರ್ಧ ಮಾತನ್ನು ನುಂಗುತ್ತಾರೆ. ಉಳಿದ ತೀವ್ರ ವಿಕಿರಣದ ದ್ರವವನ್ನು ಗಾಜಿನೊಂದಿಗೆ ಕರಗಿಸಿ ಉಕ್ಕಿನ ಡಬ್ಬಿಗಳಲ್ಲಿ ಮುಚ್ಚಿ, ದಶಕಗಳ ಕಾಲ ಕಾವಲಿನಲ್ಲಿ ತಣಿಸಬೇಕು. ಸೀಸಿಯಂ 137ರ ಅರ್ಧಾಯುಷ್ಯ, ಅಂದರೆ ಅದರ ವಿಕಿರಣ ಅರ್ಧಕ್ಕಿಳಿಯುವ ಕಾಲ, 30 ವರ್ಷ. ಅದೇ ಗಾಜಿನಲ್ಲಿ ಸೇರುವ ನೆಪ್ಚೂನಿಯಂ 237ರದು 20 ಲಕ್ಷ ವರ್ಷಗಳಿಗೂ ಮಿಗಿಲು. ಎಷ್ಟೇ ಮರುಬಳಕೆ ಮಾಡಿದರೂ ಕೊನೆಗೆ ಆಳದ ಗಟ್ಟಿ ಬಂಡೆಯೊಂದು ಬೇಕೇ ಬೇಕು.

ಫಿನ್ಲೆಂಡ್ ಮರುಸಂಸ್ಕರಣೆಯ ದಾರಿ ಹಿಡಿಯಲಿಲ್ಲ, ಆದರೂ ಅದರಿಂದ ಕಲಿಯುವುದಿದೆ. ಓಲ್ಕಿಲುವೊಟೊದಲ್ಲಿ 400 ಮೀಟರಿಗೂ ಆಳದಲ್ಲಿ ಬಳಸಿದ ಇಂಧನವನ್ನು ಹೂಳುವ ಉಗ್ರಾಣ ಕೊರೆಯುವ ಮುನ್ನ ಅಲ್ಲಿನ ಎವ್ರಯೋಕಿ ಸ್ಥಳೀಯ ಸಂಸ್ಥೆಯ ಒಪ್ಪಿಗೆ ಕಾನೂನಿನಂತೆ ಅಗತ್ಯವಾಗಿತ್ತು; ಬೇಡವೆನ್ನುವ ಅಧಿಕಾರವೂ ಅದಕ್ಕಿತ್ತು. ಅದು ಒಪ್ಪಿದ ಮೇಲೆಯೇ 2001ರಲ್ಲಿ ಸಂಸತ್ತು ಅನುಮೋದಿಸಿತು. ಕೋಲಾರದವರಿಗೆ ತಮ್ಮ ಊರಿನ ಹೆಸರು ತಿಳಿದದ್ದು ಸುದ್ದಿಯಿಂದ.

ಕೈಗಾದಲ್ಲಿ 700 ಮೆಗಾವಾಟ್‌ನ ಇನ್ನೆರಡು ಘಟಕಗಳು ಬರಲಿವೆ. ಅವು ಆರಂಭವಾಗುವ ಮುನ್ನ, ಅಲ್ಲಿ ಎಷ್ಟು ಬಳಸಿದ ಇಂಧನ ಸಂಗ್ರಹವಾಗಿದೆ, ಅದು ಎಷ್ಟು ಕಾಲ ಇರುತ್ತದೆ, ಮರುಸಂಸ್ಕರಣೆಗೆ ಯಾವಾಗ ಹೋಗುತ್ತದೆ ಎಂಬ ವಿವರವನ್ನು ಅಣುಶಕ್ತಿ ಇಲಾಖೆ ಪ್ರತಿವರ್ಷ ಕನ್ನಡದಲ್ಲಿ ಪ್ರಕಟಿಸಬೇಕು. ಕಾರವಾರ, ಯಲ್ಲಾಪುರದ ಗ್ರಾಮ ಪಂಚಾಯಿತಿಗಳ ಮುಂದೆ ಅಧಿಕಾರಿಗಳು ಬಂದು ಅದರ ಬಗ್ಗೆ ಉತ್ತರ ಹೇಳಬೇಕು.