ಆ ರಿಮೋಟ್ ನಮ್ಮ ಮನೆಯಲ್ಲೂ ಇತ್ತು

ನಾಯಿ ತರಬೇತಿಗೆ ರಿಮೋಟ್ ಒತ್ತಿ ಶಾಕ್ ಕೊಡುವ ಕುತ್ತಿಗೆ ಪಟ್ಟಿಯನ್ನು ಸಮರ್ಥಿಸುವ ಲೇಖನ ಓದಿದೆ. ಅದು ಮೊಬೈಲ್ ವೈಬ್ರೇಟ್ ಆದ ಹಾಗೆ, ನಾಯಿಗೆ ಅದೊಂದು ‘ಸಂದೇಶ’ ಅಷ್ಟೇ ಅಂತ ಲೇಖಕರು ಬರೆದಿದ್ದಾರೆ. ಸ್ವಾಮಿ, ಒಮ್ಮೆ ನೀವೇ ಕಟ್ಟಿಕೊಂಡು ನೋಡಿದ್ದೀರಾ? ನಾನು ಮುಂಗೈಗೆ ಇಟ್ಟುಕೊಂಡಿದ್ದೆ, ಅದೂ ಮಧ್ಯದ ಮಟ್ಟದಲ್ಲಿ. ಇನ್ನೊಂದು ಕೈಯಲ್ಲಿದ್ದ ಕಾಫಿ ಲೋಟ ಬಿತ್ತು.

ನಮ್ಮ ಮುಧೋಳ ನಾಯಿ ಬೆಕ್ಕು ಕಂಡರೆ ಗೇಟು ಹಾರುತ್ತಿತ್ತು. ತರಬೇತಿಗೆ ಬರುತ್ತಿದ್ದವರು ಈ ಪಟ್ಟಿ ಕಟ್ಟಿಸಿದರು. ಬೆಕ್ಕಿನ ಹಿಂದೆ ಓಡುವುದೇನೋ ನಿಂತಿತು. ಆದರೆ ಒಮ್ಮೆ ಬಟನ್ ಒತ್ತಿದಾಗ ಎದುರಿಗೆ ಪಕ್ಕದ ಮನೆಯ ಮಗು ನಿಂತಿತ್ತು. ಅಂದಿನಿಂದ ಮಕ್ಕಳನ್ನು ಕಂಡರೆ ಗುರ್ ಅನ್ನತೊಡಗಿತು. ನೋವು ಎಲ್ಲಿಂದ ಬಂತೆಂದು ಪಾಪ ಅದಕ್ಕೇನು ಗೊತ್ತು, ಕಣ್ಣೆದುರು ಇದ್ದದ್ದಕ್ಕೇ ಗಂಟು ಹಾಕಿತು.

ಕುರಿ ಕಂಡರೆ ಬೆನ್ನಟ್ಟಿ ಓಡುವ ನಾಯಿಗೆ ಈ ಪಟ್ಟಿ ಬಿಟ್ಟು ಬೇರೆ ದಾರಿಯೇ ಇಲ್ಲ ಅಂತೀರಿ. ಕುರಿಗಳೇ ತುಂಬಿರುವ ಬ್ರಿಟನ್ನಿನ ವೇಲ್ಸ್ 2010ರಲ್ಲೇ ಇದನ್ನು ನಿಷೇಧಿಸಿದೆ! ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು 63 ನಾಯಿಗಳನ್ನು ಮೂರು ಗುಂಪು ಮಾಡಿ ನೋಡಿದ ಅಧ್ಯಯನ 2020ರಲ್ಲಿ ಬಂತು; ತಿಂಡಿ, ಶಹಬ್ಬಾಸ್ ಕೊಟ್ಟು ಕಲಿಸಿದವಕ್ಕಿಂತ ಪಟ್ಟಿ ಕಟ್ಟಿದವು ಹೆಚ್ಚೇನೂ ಕಲಿತಿರಲಿಲ್ಲ. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಬೆಂಗಳೂರಿನಲ್ಲಿ ಮಸಾಲೆ ದೋಸೆಯೂ ಅಷ್ಟಕ್ಕೆ ಸಿಗುವುದು ಕಷ್ಟ.

ಕಿವುಡು ನಾಯಿಗೆ ಬರೀ ವೈಬ್ರೇಷನ್ ಇರುವ ಪಟ್ಟಿ ಕಟ್ಟುವುದು ಬೇರೆ ಮಾತು, ಅದಕ್ಕೆ ನನ್ನ ತಕರಾರಿಲ್ಲ.

ನಮ್ಮಲ್ಲೀಗ ಉದ್ದ ಹಗ್ಗ, ಬೇಯಿಸಿದ ಕೋಳಿ ಲಿವರ್. ಆರು ತಿಂಗಳಾಯಿತು. ಬೆಕ್ಕು ಕಂಡರೆ ಮೊದಲು ನನ್ನ ಜೇಬು ನೋಡುತ್ತದೆ, ಆಮೇಲೆ ಬೆಕ್ಕು.