‘ಇದು ಬಾಖ್ ಅಲ್ಲ’ ಎನ್ನುವವರಿಗೆ

ನಿನ್ನೆ ರಾತ್ರಿ ಮನೆಗೆ ಬಂದಿದ್ದ ಗೆಳೆಯರೊಬ್ಬರು, ನಾನು ಹಾಕಿದ್ದ, ಜರ್ಮನ್ ಸಂಗೀತಕಾರ ಬಾಖ್‌ನ ಹಾಡು ಅರ್ಧವಾಗುವ ಮೊದಲೇ ‘ಅಯ್ಯೋ, ಎಷ್ಟು ಎಳೆಯುತ್ತಾರೆ! ಇದು ಬಾಖ್ ಅಲ್ಲ’ ಎಂದು ತೀರ್ಪು ಕೊಟ್ಟುಬಿಟ್ಟರು. ಸಿಟ್ಟು ಇನ್ನೂ ಇಳಿದಿಲ್ಲ. ಇಲ್ಲಿ ಕಾರುತ್ತಿದ್ದೇನೆ, ಸಹಿಸಿಕೊಳ್ಳಿ.

ಹಾಕಿದ್ದು ‘ಸೇಂಟ್ ಮ್ಯಾಥ್ಯೂ ಪ್ಯಾಶನ್’, ಯೇಸುವಿನ ಯಾತನೆ, ಮರಣಗಳ ಕಥೆಯನ್ನು ಹಾಡಿ ಹೇಳುವ ಕೃತಿ. 1939ರ ಏಪ್ರಿಲ್ 2, ಗರಿಗಳ ಭಾನುವಾರ, ಆಮ್‌ಸ್ಟರ್‌ಡಾಮಿನ ಕನ್ಸರ್ಟ್‌ಗೆಬೌ ಸಭಾಂಗಣ, ಮೆಂಗೆಲ್‌ಬರ್ಗ್ ನಿರ್ದೇಶನ. ನಾಲ್ಕೈದು ನಿಮಿಷಕ್ಕೊಮ್ಮೆ ಗ್ರಾಮಫೋನ್ ತಟ್ಟೆ ಬದಲಿಸಬೇಕಾಗಿದ್ದ ಕಾಲದಲ್ಲಿ ಫಿಲ್ಮ್ ಪಟ್ಟಿಯ ಮೇಲೆ ಹಿಡಿದಿಟ್ಟ ಕಛೇರಿ.

ಕಥೆ ನಿರೂಪಿಸುವ ಸುವಾರ್ತಿಕನ ಪಾತ್ರ ಹಾಡಿದ ಕಾರ್ಲ್ ಎರ್ಬ್ ಅವರಿಗೆ ಆಗ 61 ವರ್ಷ. ಕಂಠದ ಕಸುವು ತಗ್ಗಿದೆ, ನಿಜ. ಆದರೆ ಯೇಸುವನ್ನು ತಾನರಿಯೆ ಎಂದು ಅವನ ಶಿಷ್ಯ ಪೇತ್ರ ಮೂರು ಸಲ ಹೇಳಿ, ಕೋಳಿ ಕೂಗಿ, ಅವನು ಹೊರಗೆ ಹೋಗಿ ಬಿಕ್ಕಿ ಅಳುವ ಸಾಲು ಇದೆಯಲ್ಲ, ಅಳುವ ಆ ಒಂದು ಪದದ ಮೇಲೆ ಬಾಖ್ ಸ್ವರಗಳನ್ನು ಬಳಸಿ ಬಳಸಿ ಹೆಣೆದಿದ್ದಾನೆ. ಎರ್ಬ್ ಅಲ್ಲಿ ಕೂಗುವುದಿಲ್ಲ, ದನಿಯನ್ನು ಸಣ್ಣಗೆ ಮಾಡುತ್ತಾ ಹೋಗುತ್ತಾರೆ. ದೇವರು ದಿಂಡರೆಂದರೆ ನಾನು ಮಾರು ದೂರ ಎಂಬುದು ನಿಮಗೆಲ್ಲ ಗೊತ್ತು. ಆದರೂ ಅಲ್ಲಿ ಕಣ್ಣು ತುಂಬುತ್ತದೆ, ಏನು ಮಾಡಲಿ?

ಅದರ ಬೆನ್ನಿಗೇ ಪಿಟೀಲಿನೊಡನೆ ಬರುತ್ತದೆ ‘ಎರ್ಬಾರ್ಮೆ ದಿಶ್’ (‘ಕರುಣಿಸು’) ಎಂಬ ಹಾಡು. ಇಲೋನಾ ದುರಿಗೋ ಸ್ವರದಿಂದ ಸ್ವರಕ್ಕೆ ಜಾರುತ್ತಾರೆ. ಗೆಳೆಯರು ಮುಖ ಸಿಂಡರಿಸಿದ್ದು ಇಲ್ಲೇ. ಅಲ್ಲ ಸ್ವಾಮಿ, ಹಿಂದೂಸ್ತಾನಿ ಕಛೇರಿಯಲ್ಲಿ ಮೀಂಡ್ ಬಂದರೆ ‘ವಾಹ್ ವಾಹ್’ ಎಂದು ತಲೆದೂಗುವವರು ನೀವು! ಹಂಗೇರಿಯ ಹೆಂಗಸು ಜಾರಿದರೆ ಮಾತ್ರ ಅಪಚಾರವೇ?

ಬಾಖ್‌ನ ಕಾಲದ ಲೈಪ್‌ಜಿಗ್ ಚರ್ಚಿನಲ್ಲಿ ಇಷ್ಟು ದೊಡ್ಡ ಮೇಳ ಇರಲಿಲ್ಲ, ಮೆಂಗೆಲ್‌ಬರ್ಗ್ ಹಲವು ಆರಿಯಾಗಳಿಗೆ (ಒಬ್ಬರೇ ಹಾಡುವ ಹಾಡುಗಳಿಗೆ) ಕತ್ತರಿ ಹಾಕಿದ್ದಾರೆ ಎನ್ನುತ್ತೀರಿ. ಸರಿ. ಆ ಕತ್ತರಿಯನ್ನು ನಾನೂ ಕ್ಷಮಿಸುವುದಿಲ್ಲ. ಆದರೆ ನಿರ್ದೇಶಕರು ಮಾಡಿದ್ದನ್ನು ಗಾಯಕರ ತಲೆಗೆ ಕಟ್ಟುವುದು ಯಾವ ನ್ಯಾಯ? ಮತ್ತೆ, ‘ಶುದ್ಧ ಶೈಲಿ’ಯ ಹೆಸರಿನಲ್ಲಿ ಬರುವ ಕೆಲವು ಧ್ವನಿಮುದ್ರಣಗಳನ್ನು ಕೇಳಿದ್ದೇನೆ, ಪೇತ್ರ ಅತ್ತನೋ ಆಕಳಿಸಿದನೋ ತಿಳಿಯುವುದಿಲ್ಲ.

ಜಾರುವುದೇ ನಿಮ್ಮ ತೊಂದರೆಯಾದರೆ ಇದೇ ಕಛೇರಿಯಲ್ಲಿ ಯೋ ವಿನ್ಸೆಂಟ್ ಹಾಡಿದ ‘ಔಸ್ ಲೀಬೆ’ (‘ಪ್ರೀತಿಯಿಂದ’) ಕೇಳಿ. ಅಲ್ಲಿ ಬಾಖ್ ಮಂದ್ರದ ಆಧಾರವನ್ನೇ ಕಿತ್ತುಹಾಕಿ ಒಂದು ಕೊಳಲು, ಎರಡು ಓಬೋ (ಊದುವ ವಾದ್ಯ) ಮಾತ್ರ ಬಿಟ್ಟಿದ್ದಾನೆ. ಹಾಡುವವರಿಗೆ ಅವಿತುಕೊಳ್ಳಲು ಜಾಗವಿಲ್ಲ. ವಿನ್ಸೆಂಟ್ ಅವರಿಗೆ ಅದು ಬೇಕಾಗಿಯೂ ಇಲ್ಲ. ಅದನ್ನು ಕೊನೆಯವರೆಗೆ ಕೇಳಿದ ಮೇಲೆ ಜಗಳಕ್ಕೆ ಬನ್ನಿ, ನಾನು ಸಿದ್ಧ. ಅರ್ಧ ಕೇಳಿದವರ ಕಾಮೆಂಟಿಗೆ ಉತ್ತರ ಕೊಡುವುದಿಲ್ಲ.